ಹಗ್ಗ ಹಿಡಿದವಳು

ಮಾರ್ಚ್ 3

ಅಮ್ಮ,

ಈ ಪೊಟ್ಟಣ ಬಿಚ್ಚಿದ ಕೂಡಲೇ ನೀನು ಗಾಬರಿಯಾಗುತ್ತೀಯ ಎಂದು ಗೊತ್ತು. ಮುಖಪುಟದಲ್ಲಿ ಬೆಂಕಿ ಉಗುಳುತ್ತಿರುವ ಪ್ರಾಣಿಯನ್ನು ನೋಡಬೇಡ, ಅದು ಬರೀ ಅಲಂಕಾರ. ಇದು ಒಂದು ಆಟದ ನಿಯಮಗಳ ಪುಸ್ತಕ. ಮೇಜಿನ ಸುತ್ತ ನಾಲ್ಕು ಜನ ಕೂತು ಆಡುವ ಆಟ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗುತ್ತಾರೆ. "ನಿಮ್ಮ ಮುಂದೆ ಒಂದು ಗುಹೆ ಇದೆ, ಈಗ ಏನ್ ಮಾಡ್ತೀರಿ?" ಎಂದು ಅವರು ಕೇಳಿದರೆ ನಾವು ಹೇಳಬೇಕು. ಹೇಳಿದ್ದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಅಷ್ಟೇ ಆಟ.

ಇದು ನನ್ನ ಕೈಗೆ ಹೇಗೆ ಬಂತು ಎಂದು ಕೇಳುತ್ತೀಯ. ನನ್ನ ಕೋಣೆಯ ಸ್ವಿಚ್ ಬೋರ್ಡು ಸುಟ್ಟುಹೋಗಿತ್ತು. (ಈಗ ಸರಿಯಾಗಿದೆ. ಯಾರಿಗೂ ಏನೂ ಆಗಿಲ್ಲ. ಫ್ಯೂಸ್ ಸರಿಯಾದದ್ದೇ ಹಾಕಿಸಿದ್ದೇನೆ.) ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ನನ್ನ ಮೇಜಿನ ಮೇಲಿನ ರಾಶಿ ನೋಡಿ "ಇಷ್ಟೊಂದು ಓದ್ತೀರಾ?" ಎಂದರು. ಓದುವುದಲ್ಲ, ಪುಸ್ತಕಗಳ ಕೊನೆಯಲ್ಲಿ ಬರುವ ಪದಸೂಚಿ ತಯಾರಿಸುತ್ತೇನೆ, ಯಾವ ಪದ ಯಾವ ಪುಟದಲ್ಲಿದೆ ಎಂದು ಹುಡುಕಿ ಬರೆಯುವ ಕೆಲಸ ಎಂದೆ. ಮರುದಿನ ಅವರು ಈ ಪುಸ್ತಕ ತಂದುಕೊಟ್ಟರು. ರಸ್ತೆಯ ಆಚೆ ಇರುವ ಆಟದ ಸಾಮಾನಿನ ಅಂಗಡಿಯಲ್ಲಿ ಶನಿವಾರ ಸಂಜೆ ಇವರ ಗುಂಪು ಆಡುತ್ತದಂತೆ. ಅಂಗಡಿಯಾಕೆಯೇ ಕಥೆ ಹೇಳುವವರು. ಆಡುತ್ತಿದ್ದ ಒಬ್ಬರು ಬೇರೆ ಊರಿಗೆ ಹೋದದ್ದರಿಂದ ಒಂದು ಕುರ್ಚಿ ಖಾಲಿ ಇದೆ.

ಆ ಅಂಗಡಿಯ ಕಿಟಕಿ ನನ್ನ ಕೋಣೆಗೆ ಕಾಣುತ್ತದೆ. ಸಂಜೆಯ ಬಿಸಿಲು ನೇರ ಮೇಜಿಗೆ ಬೀಳುವುದರಿಂದ ಆಟ ಶುರುವಾಗುವಾಗ ಹಗ್ಗ ಸಡಿಲಿಸಿ ಪರದೆ ಇಳಿಸುತ್ತಾರೆ. ಎಷ್ಟೋ ಶನಿವಾರ ಆ ಪರದೆ ಇಳಿಯುವುದನ್ನು ನೋಡಿದ್ದೇನೆ, ಒಳಗೆ ಏನು ನಡೆಯುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅಮ್ಮ, ನನಗೆ ಹೋಗಬೇಕು ಅನಿಸುತ್ತಿದೆ. ಆ ದಿನ ಬಸ್ಸಿನಲ್ಲಿ ಉಸಿರು ಕಟ್ಟಿದಂತಾಗಿ ಇಳಿದು ರಸ್ತೆ ಬದಿಯಲ್ಲಿ ಕುಸಿದು ಕೂತೆನಲ್ಲ, ಅಲ್ಲಿಂದೀಚೆಗೆ ಮೂಲೆಯ ದಿನಸಿ ಅಂಗಡಿ ಬಿಟ್ಟರೆ ನಾನು ಎಲ್ಲಿಗೂ ಹೋಗಿಲ್ಲ. ಎಲ್ಲಿಗಾದರೂ ಹೋಗಬೇಕು ಎಂದು ಆಸೆಯಾದದ್ದೇ ಇದು ಮೊದಲ ಸಲ. ಆದರೆ ಧೈರ್ಯ ಸಾಲುತ್ತಿಲ್ಲ. ಎಲ್ಲಿ ಅಪಾಯ ಇದೆ ಎಂದು ಕಂಡುಹಿಡಿಯುವುದು ನಿನ್ನ ಕಸುಬು. ಓದಿ ನೋಡು. ನೀನು "ಪರವಾಗಿಲ್ಲ" ಎಂದು ಬರೆದರೆ ಹೋಗುತ್ತೇನೆ.

ಫೋನ್ ಮಾತ್ರ ಮಾಡಬೇಡ. ನೀನು "ಉಸಿರು ಸರಿಯಾಗಿದೆಯಾ?" ಎಂದು ಕೇಳಿದ ಕೂಡಲೇ ಸರಿಯಾಗಿದ್ದ ಉಸಿರು ಕೆಡುತ್ತದೆ. ಡಾಕ್ಟರು ಹೇಳಿದ ಹಾಗೆ ನಮ್ಮಿಬ್ಬರಿಗೆ ಕಾಗದವೇ ವಾಸಿ.

ನಿನ್ನ ಮಿಡತೆ


ಮಾರ್ಚ್ 12

ನನ್ನ ಮಿಡತೆಗೆ,

ಪುಸ್ತಕ ಬಂದು ತಲುಪಿತು. ಕಾರ್ಖಾನೆಗೂ ಹೊತ್ತುಕೊಂಡು ಹೋಗಿ ಊಟದ ಬಿಡುವಿನಲ್ಲಿ ಓದಿದೆ. ನಮ್ಮ ಮೇಸ್ತ್ರಿ ಇಣುಕಿ ನೋಡಿ, "ಮೇಡಂ, ಇದ್ಯಾವ್ದು ಹೊಸ ಕಾನೂನು?" ಎಂದ. ಮುಖಪುಟ ಕಾಣದಂತೆ ಕೈ ಅಡ್ಡ ಇಟ್ಟೆ.

ಓದಿದ ಕೂಡಲೇ ಏನನಿಸಿತು ಎಂದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇಷ್ಟು ವರ್ಷ ಎಣ್ಣೆ ಕಾರ್ಖಾನೆಯ ಸುರಕ್ಷತೆ ನೋಡಿಕೊಂಡ ನನಗೆ ಇಷ್ಟು ಬೇಜವಾಬ್ದಾರಿಯ ನಿಯಮ ಪುಸ್ತಕ ಇನ್ನೊಂದು ಸಿಕ್ಕಿಲ್ಲ. ಮೊದಲ ವಾಕ್ಯವೇ "ನೀವು ಕತ್ತಲೆಯ ಬಾಗಿಲ ಮುಂದೆ ನಿಂತಿದ್ದೀರಿ" ಎಂದಿದೆ. ಯಾರು ನಿಲ್ಲಿಸಿದರು? ಯಾರ ಅನುಮತಿ ಪಡೆದರು? ಒಳಗಿನ ಗಾಳಿ ಉಸಿರಾಡಲು ಯೋಗ್ಯವೋ ಎಂದು ನೋಡದೆ ಪಂಜು ಹೊತ್ತಿಸಿಕೊಂಡು ನುಗ್ಗುತ್ತಾರಲ್ಲ, ನಮ್ಮ ಟ್ಯಾಂಕಿಗೆ ಯಾರಾದರೂ ಹಾಗೆ ಇಳಿದರೆ ಗುರುತು ಹಿಡಿಯಲೂ ಏನೂ ಉಳಿಯುವುದಿಲ್ಲ. ಒಬ್ಬ ಕುಳ್ಳ ಇದ್ದಾನೆ, ಕೊಡಲಿ, ಗುರಾಣಿ, ಏಣಿ, ಮೂಟೆಗಟ್ಟಲೆ ಹಗ್ಗ ಹೊತ್ತುಕೊಂಡು ತೆವಳಬೇಕಾದ ಸುರಂಗದೊಳಗೆ ಹೋಗುತ್ತಾನೆ. ಏಣಿ ಎಲ್ಲಿ ತಿರುಗುತ್ತದೆ? ಚಿತ್ರ ಬರೆದವನಾದರೂ ಯೋಚಿಸಬಾರದಿತ್ತೇ? ನಿಧಿಯ ಬಗ್ಗೆ ಪುಟಗಟ್ಟಲೆ ಇದೆ, ಹೊರಗೆ ಬರುವ ದಾರಿಯ ಬಗ್ಗೆ ಒಂದು ಸಾಲೂ ಕಾಣಲಿಲ್ಲ. "ಉಳಿದವರು ಮಲಗಿದಾಗ ಒಬ್ಬರು ಎಚ್ಚರವಿರಬೇಕು" ಎಂಬುದೊಂದೇ ನನಗೆ ಹಿಡಿಸಿದ ಮಾತು. ಅದರ ಪಕ್ಕ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದೇನೆ.

ಒಂದು ಇಡೀ ಅಧ್ಯಾಯದ ಹೆಸರು "ಸಾವು". ತೆರೆದೆ, ಹೆಸರು ನೋಡಿದೆ, ಮುಚ್ಚಿಬಿಟ್ಟೆ.

ಪುಸ್ತಕದ ಮಾತು ಹಾಗಿರಲಿ. ಆ ಜನ ಯಾರು? ಪರದೆ ಯಾಕೆ ಇಳಿಸಬೇಕು, ಬಿಸಿಲಿಗೆ ಮೇಜನ್ನೇ ಸರಿಸಿದರಾಗದೇ? ಅಂಗಡಿಗೆ ಹಿಂದಿನಿಂದಲೂ ಬಾಗಿಲು ಇದೆಯೇ? ನಿನಗೆ ಅಲ್ಲಿ ಉಸಿರು ಕಟ್ಟಿದರೆ ಅವರು ಏನು ಮಾಡುತ್ತಾರೆ, ದಾಳ ಹಾಕುತ್ತಾರೆಯೇ? ನಗಬೇಡ.

ಈಗಲೇ ಪರವಾನಗಿ ಕೊಡಲಾರೆ. ಪೂರ್ತಿ ಓದುವವರೆಗೆ ಪುಸ್ತಕ ನನ್ನ ಹತ್ತಿರವೇ ಇರಲಿ. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಅವಸರವೇನು?

ನಿನ್ನದೇ ಯೋಚನೆಯಲ್ಲಿರುವ,
ಅಮ್ಮ


ಮಾರ್ಚ್ 20

ಅಮ್ಮ,

ಕುಳ್ಳನ ಏಣಿಯ ಸಂಗತಿ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಕೊನೆಯ ಸಾಲು ಓದಿ ನಗು ನಿಂತುಹೋಯಿತು. ನೀನು "ಅವಸರವೇನು" ಎಂದರೆ "ಬೇಡ" ಎಂದರ್ಥ. ಚಿಕ್ಕಂದಿನಿಂದ ಕೇಳುತ್ತಿದ್ದೇನೆ.

ಹೋದ ಶನಿವಾರ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಕೆಳಗಿನ ಬಾಗಿಲು ಕಾಣುವಷ್ಟು ದೂರ ಹೋದೆ. ಆಮೇಲೆ, ಪುಸ್ತಕವೇ ಕೈಯಲ್ಲಿಲ್ಲದೆ ಹೋದರೆ ಅವರೇನು ಅಂದುಕೊಳ್ಳುತ್ತಾರೆ ಎಂದು ನನಗೆ ನಾನೇ ನೆಪ ಹೇಳಿ ವಾಪಸ್ ಬಂದೆ. ಎಷ್ಟು ಒಳ್ಳೆಯ ನೆಪ ಒದಗಿಸಿದ್ದೀಯ ನೋಡು. ಕಿಟಕಿಯಲ್ಲಿ ನಿಂತು ಪರದೆ ಇಳಿಯುವುದನ್ನು ನೋಡಿದೆ. ಅಷ್ಟು ಅಳು ಬರುತ್ತದೆ ಎಂದು ಗೊತ್ತಿರಲಿಲ್ಲ.

ನಿನಗೆ ಕಳಿಸುವ ಮೊದಲು ನಾನೂ ಅದನ್ನು ಓದಿದ್ದೆ, ನನ್ನ ಕಸುಬಿನವರ ಹಾಗೆ ಹಿಂದಿನಿಂದ. ಪದಸೂಚಿಯಲ್ಲಿ "ಭಯ" ಹುಡುಕಿದೆ. "ಧೈರ್ಯ ನೋಡಿ" ಎಂದಿತ್ತು. "ಧೈರ್ಯ"ಕ್ಕೆ ಹೋದರೆ "ಭಯ ನೋಡಿ" ಎಂದಿತ್ತು. ಪುಟದ ಸಂಖ್ಯೆ ಎಲ್ಲೂ ಇಲ್ಲ! ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ, ಓದುವವರು ಎರಡರ ನಡುವೆ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಬೇರೆ ಯಾವ ಪುಸ್ತಕದಲ್ಲಾದರೂ ಸಿಟ್ಟು ಬರುತ್ತಿತ್ತು. ಇಲ್ಲಿ ಮಾತ್ರ, ಇದನ್ನು ಬರೆದವರಿಗೆ ನನ್ನ ಪರಿಚಯ ಇದೆ ಅನಿಸಿತು.

ಎಲೆಕ್ಟ್ರಿಷಿಯನ್ ದಿನಸಿ ಅಂಗಡಿಯಲ್ಲಿ ಸಿಕ್ಕಿದ್ದರು. ಆಟದ ಅಂಗಡಿಯಾಕೆ ಹೇಳಿಕಳಿಸಿದರಂತೆ, "ಅವ್ರು ಬರೋವರ್ಗೂ ಆ ಕುರ್ಚಿ ಅವ್ರದ್ದೇ. ನಿಧಾನಕ್ಕೆ ಬರ್ಲಿ." ನಿನ್ನ ಗಾಳಿಯ ಪರೀಕ್ಷೆಯ ವಿಷಯ ಅವರಿಗೆ ಹೇಳಿದೆ. ತುಂಬಾ ಖುಷಿಪಟ್ಟು, "ನಿಮ್ ಅಮ್ಮನಿಗೂ ಒಂದು ಪಾತ್ರ ಮಾಡ್ಕೊಳ್ಳೋಕೆ ಹೇಳಿ, ಕಾಗದದಲ್ಲೇ ಆಡ್ಲಿ" ಎಂದರು.

ಮಾಡುತ್ತೀಯಾ? ಮಾಡಿ, ಪುಸ್ತಕ ವಾಪಸ್ ಕಳಿಸು.

ಮಿಡತೆ


ಮಾರ್ಚ್ 30

ಮಿಡತೆ,

ಪುಸ್ತಕ ಇದರ ಜೊತೆಗಿದೆ. ಇಟ್ಟುಕೊಂಡಿದ್ದು ತಪ್ಪಾಯಿತು.

ನನ್ನ ಪಾತ್ರ ಮಾಡಿದೆ. ಕತ್ತಿ ಬೇಡ, ಮಂತ್ರ ಬೇಡ. ಗುಹೆಯ ಬಾಯಲ್ಲಿ ಹಗ್ಗ ಹಿಡಿದು ನಿಲ್ಲುವವಳು ನಾನು. ಅಂಥವಳಿಲ್ಲದೆ ಈ ಪುಸ್ತಕದವರು ಹೇಗೆ ಇಷ್ಟು ದಿನ ಬದುಕಿದರೋ ಗೊತ್ತಿಲ್ಲ. ನಮ್ಮಲ್ಲಿ ಟ್ಯಾಂಕು ತೊಳೆಯಲು ಒಬ್ಬ ಇಳಿದರೆ ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಮೇಲೆ ಒಬ್ಬರು ನಿಂತಿರಲೇಬೇಕು. ಒಳಗೆ ಕೂಗಿದರೆ ಮಾತು ತಿಳಿಯುವುದಿಲ್ಲ, ಬರೀ ಗುಂಯ್ ಅನ್ನುತ್ತದೆ. ಅದಕ್ಕೇ ಹಗ್ಗದಲ್ಲಿ ಮಾತು. ಒಂದು ಸಲ ಜಗ್ಗಿದರೆ "ಚೆನ್ನಾಗಿದ್ದೀನಿ". ಎರಡು ಸಲ ಜಗ್ಗಿದರೆ "ಹಗ್ಗ ಸಡಿಲ ಬಿಡಿ". ಮೂರು ಸಲ ಜಗ್ಗಿದರೆ "ನನ್ನ ಎಳ್ಕೊಳ್ಳಿ". ಒಳಗಿದ್ದವನು ಹೊರಗೆ ಬರುವಾಗ ಅವನ ಮುಖ ನೋಡಲು ಟ್ಯಾಂಕಿನ ಬಾಯಿಯ ಹತ್ತಿರ ಯಾರಾದರೂ ಇರಬೇಕು, ಬಿಟ್ಟು ಹೋಗಕೂಡದು. ಎಲ್ಲಕ್ಕಿಂತ ದೊಡ್ಡ ನಿಯಮ, ಏನೇ ಆದರೂ ಮೇಲಿದ್ದವರು ತಾವಾಗಿ ಒಳಗೆ ಇಳಿಯಕೂಡದು. ಹೊಸಬರಿಗೆ ಕಲಿಸಲು ಬಲು ಕಷ್ಟವಾದದ್ದು ಅದೇ. ಗೆಳೆಯ ಒಳಗೆ ಬಿದ್ದಿದ್ದಾನೆ ಎಂದರೆ ಯಾರ ಕಾಲು ನಿಲ್ಲುತ್ತದೆ ಹೇಳು. ಹಾಗೆ ಇಳಿದರೆ ಇಬ್ಬರನ್ನು ಎತ್ತಬೇಕಾಗುತ್ತದೆ.

ನಿನಗೆ ಅಷ್ಟೊಂದು ಆಸೆ ಇದ್ದರೆ ಒಂದು ಕೆಲಸ ಮಾಡೋಣ. ನಾನೇ ಬರುತ್ತೇನೆ. ಶನಿವಾರ ರಜೆ ಹಾಕಿ ಬಂದು ಅಲ್ಲಿ ನಿನ್ನ ಪಕ್ಕದಲ್ಲಿ ಕೂರುತ್ತೇನೆ, ಒಂದು ಮಾತೂ ಆಡುವುದಿಲ್ಲ. ಸರಿಬರದಿದ್ದರೆ ಅಲ್ಲಿಂದಲೇ ಮನೆಗೆ ಕರೆದುಕೊಂಡು ಬಂದುಬಿಡುತ್ತೇನೆ. ನಿನ್ನ ಮಂಚಕ್ಕೆ ಹೊಸ ಹಾಸಿಗೆ ಮಾಡಿಸಿದ್ದೇನೆ. ಪದಸೂಚಿ ಬರೆಯಲು ಯಾವ ಊರಾದರೇನು?

ಕಾಯುತ್ತಿರುವ,
ಅಮ್ಮ

ಮರೆತೆ. "ಸಾವು" ಅಧ್ಯಾಯಕ್ಕೆ ಸುತ್ತಲೂ ಸ್ಟೇಪ್ಲರ್ ಹೊಡೆದಿದ್ದೇನೆ. ಬಿಚ್ಚಬೇಡ.


ಏಪ್ರಿಲ್ 8

ಅಮ್ಮ,

ಅದು ಇನ್ನೊಬ್ಬರ ಪುಸ್ತಕ! ಎರವಲು ತಂದದ್ದಕ್ಕೆ ಯಾರಾದರೂ ಸ್ಟೇಪ್ಲರ್ ಹೊಡೆಯುತ್ತಾರೆಯೇ? ಚಾಕುವಿನ ಮೊನೆಯಿಂದ ಪಿನ್ನು ಒಂದೊಂದನ್ನೇ ಎಬ್ಬಿಸಿದೆ. ಪುಟ ಅಲ್ಲಲ್ಲಿ ಹರಿದಿದೆ.

ನೀನು ಓದದೆ ಮುಚ್ಚಿದ ಪುಟದಲ್ಲಿ ಏನಿತ್ತು ಹೇಳಲಾ? "ಒಬ್ಬರು ಕುಸಿದು ಬಿದ್ದರೆ ಆಟ ಅಲ್ಲೇ ನಿಲ್ಲುತ್ತದೆ. ಗುಂಪು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೊತ್ತು ತರುವುದು ಹೇಗೆಂದು ಎಲ್ಲರೂ ಸೇರಿ ಯೋಚಿಸಬೇಕು." ಹೊರಗೆ ಬರುವ ದಾರಿಯ ಬಗ್ಗೆ ಒಂದು ಸಾಲೂ ಇಲ್ಲ ಎಂದಿದ್ದೆಯಲ್ಲ, ಎಲ್ಲ ಇದ್ದದ್ದು ಇಲ್ಲೇ. ನೀನು ಹೆದರಿ ಮುಚ್ಚಿದ ಕಡೆ.

ಈಗ ಹೇಳುವುದನ್ನು ಸಿಟ್ಟಿಲ್ಲದೆ ಕೇಳು. ನೀನು ಬರಬೇಡ. ಬಂದರೆ ನಾನು ನಿನ್ನ ಜೊತೆ ಹೊರಟುಬಿಡುತ್ತೇನೆ. ನನಗೆ ಆ ಅಂಗಡಿಗಿಂತ, ಬಸ್ಸಿಗಿಂತ, ಅದರದೇ ಹೆದರಿಕೆ. ನೀನು ಕೈ ಹಿಡಿದು "ಬಾ" ಎಂದರೆ ಸಾಕು, ಆ ಹೊಸ ಹಾಸಿಗೆಯ ಮೇಲೆ ಮಲಗುತ್ತೇನೆ, ಇನ್ನು ಏಳುವುದಿಲ್ಲ. ನಿನ್ನ ಮನೆಯಲ್ಲಿ ನನಗೆ ಯಾವ ಅಪಾಯವೂ ಬರಲು ಬಿಡುವುದಿಲ್ಲ ನೀನು. ಬೇರೆ ಏನೂ ಬರಲು ಬಿಡುವುದಿಲ್ಲ.

ಹತ್ತೊಂಬತ್ತನೇ ತಾರೀಕು ಶನಿವಾರ. ನೀನು "ಪರವಾಗಿಲ್ಲ" ಎಂದು ಬರೆಯದಿದ್ದರೂ ಅವತ್ತು ಹೋಗುತ್ತೇನೆ. ಹೋಗಲು ನೋಡುತ್ತೇನೆ. ಬರುವುದಿಲ್ಲ ಎಂದು ಮಾತು ಕೊಡು.

ಸಿಟ್ಟಿದ್ದರೂ ನಿನ್ನವಳೇ ಆದ,
ಮಿಡತೆ


ಏಪ್ರಿಲ್ 14

ಮಿಡತೆ,

ಮಾತು ಕೊಟ್ಟೆ. ಬರುವುದಿಲ್ಲ.

ನೀರಿನ ಬಾಟಲಿ ಇಟ್ಟುಕೋ. ಬಾಗಿಲು ಕಾಣುವ ಹಾಗೆ ಕೂತುಕೋ. ಪುಸ್ತಕದ ಹರಿದ ಪುಟಕ್ಕೆ ನನ್ನ ಪರವಾಗಿ ಕ್ಷಮೆ ಕೇಳು. ಹೆದರಬೇಡ. ಹೆದರಿಕೆಯಾದರೂ ಪರವಾಗಿಲ್ಲ.

ನೋಡು, ಆ ಪದ ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ.

ಅಮ್ಮ


ಮೇ 2

ಮಿಡತೆ,

ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವರನ್ನು ಗೇಟಿನಲ್ಲೇ ತಡೆದು ಕೇಳುತ್ತೇನೆ, ಅವರು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾರೆ. ಫೋನ್ ಕೈಗೆ ತೆಗೆದುಕೊಂಡೆ, ಇಟ್ಟೆ. ನಿನಗೆ ಗೊತ್ತಾಗಿ ಸಿಟ್ಟಾಗಿದ್ದೀಯೋ, ಗೊತ್ತಾಗದೆ ಕಾಯಿಲೆ ಬಿದ್ದಿದ್ದೀಯೋ, ಎರಡರಲ್ಲಿ ಯಾವುದು ವಾಸಿ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಹೇಳಿಯೇಬಿಡುತ್ತೇನೆ. ಹತ್ತೊಂಬತ್ತಕ್ಕೆ ನಾನು ಬಂದಿದ್ದೆ.

ಬೆಳಿಗ್ಗೆ ಹಣ್ಣು ತರಲು ಹೊರಟವಳು. ಬಸ್ಸಿನಲ್ಲಿ ಕೂತು ಟಿಕೆಟ್ ತೆಗೆದುಕೊಳ್ಳುವವರೆಗೂ ಹಣ್ಣಿಗೇ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ಕಟ್ಟಡದ ಪಕ್ಕದ ದರ್ಜಿ ಅಂಗಡಿಯ ಬಾಗಿಲಲ್ಲಿ ನಿಂತೆ. ಅಲ್ಲಿಂದ ಎದುರು ಅಂಗಡಿಯ ಕಿಟಕಿ ಚೆನ್ನಾಗಿ ಕಾಣುತ್ತದೆ. ಎಷ್ಟು ಹೊತ್ತು ಅಂತ ಸುಮ್ಮನೆ ನಿಲ್ಲುವುದು? ದರ್ಜಿ "ಏನ್ ಹೊಲೀಬೇಕಮ್ಮ?" ಎಂದರು. ನಾಚಿಕೆಯಾಗಿ ಒಂದು ಅಂಗಿಗೆ ಅಳತೆ ಕೊಡಲು ಒಪ್ಪಿದೆ. ಎರಡೂ ಕೈ ಮೇಲೆತ್ತಿ ನಿಂತಿದ್ದೇನೆ, ಆಗಲೇ ನೀನು ಮೆಟ್ಟಿಲಿಳಿದು ಬಂದೆ.

ಎಷ್ಟು ಸಣ್ಣಗಾಗಿದ್ದೀಯ! ರಸ್ತೆಯ ಅಂಚಿಗೆ ಬಂದೆ, ಥಟ್ಟನೆ ತಿರುಗಿ ಒಳಗೆ ಹೋದೆ. "ಉಸಿರು ಬಿಡಿ ಅಮ್ಮಾ, ಅಳತೆ ತಪ್ಪುತ್ತೆ" ಎಂದರು ದರ್ಜಿ. ಎಲ್ಲಿಂದ ಬಿಡಲಿ? ನೀನು ಮತ್ತೆ ಹೊರಗೆ ಬಂದೆ, ಪುಸ್ತಕ ಅವುಚಿಕೊಂಡು ರಸ್ತೆ ದಾಟಿದೆ, ಒಳಗೆ ಹೋದೆ. ಪರದೆ ಇಳಿಯಿತು.

ಪರದೆ ಇಳಿದ ಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ದರ್ಜಿ ಟೇಪು ತೆಗೆದರು. ನಾನು ಹೊರಗೆ ಬಂದು ಒಂದು ಕಾಲು ರಸ್ತೆಗೆ ಇಟ್ಟೆ. ಬಾಗಿಲು ತಳ್ಳಿ, ನಿನ್ನನ್ನು ನೋಡಿ, "ಸರಿ, ಆಡು" ಎಂದು ಹೇಳಿ ಬಂದರಾಯಿತು ಎಂದುಕೊಂಡೆ. ಅಷ್ಟು ಹೇಳಿ ಸುಮ್ಮನೆ ವಾಪಸ್ ಬರುವವಳು ನಾನಲ್ಲ ಎಂದೂ ಗೊತ್ತಿತ್ತು. ಎಷ್ಟು ಜನಕ್ಕೆ ಕಲಿಸಿದ್ದೇನೆ, ಇಳಿಯಬೇಡಿ, ಇಳಿಯಬೇಡಿ ಎಂದು. ನನಗೆ ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಆಗ ಆ ಪರದೆ ಗೇಣುದ್ದ ಮೇಲೆದ್ದು ಮತ್ತೆ ಬಿತ್ತು. ಒಂದೇ ಸಲ. ಎರಡನೆಯದಕ್ಕೆ ಕಾದೆ. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಕಾಲು ಹಿಂದಕ್ಕೆ ತೆಗೆದುಕೊಂಡು ಕೊನೆಯ ಬಸ್ಸಿನವರೆಗೆ ಅಲ್ಲೇ ನಿಂತಿದ್ದು ಊರಿಗೆ ಹೋದೆ.

ಅವತ್ತಿನಿಂದ ಒಂದೇ ಯೋಚನೆ. ಅದು ಫ್ಯಾನಿನ ಗಾಳಿಯೋ, ಯಾರದೋ ಮೊಣಕೈ ತಗುಲಿದ್ದೋ, ಅಥವಾ ನೀನೋ? ಮಾತು ಮುರಿದವಳಿಗೆ ಕೇಳುವ ಹಕ್ಕಿಲ್ಲ. ಆದರೂ ಕೇಳುತ್ತಿದ್ದೇನೆ.

ಅಮ್ಮ


ಮೇ 7

ಅಮ್ಮ,

ನೀನಾಗಿ ಹೇಳುತ್ತೀಯೋ ಇಲ್ಲವೋ ನೋಡೋಣ ಎಂದು ಬರೆಯದೆ ಕಾದೆ. ಇಷ್ಟು ದಿನ ತೆಗೆದುಕೊಳ್ಳುತ್ತೀಯ ಎಂದುಕೊಂಡಿರಲಿಲ್ಲ.

ನಾನು ಕೆಳಗೆ ಬಂದಾಗಲೇ ನೋಡಿದೆ. ದರ್ಜಿ ಅಂಗಡಿಯಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ ಕೈ ಮೇಲೆತ್ತಿ ನಿಂತ ಹೆಂಗಸು. ಕಾಲ ಬಳಿ ಕಾರ್ಖಾನೆಯ ಹೆಸರು ಬರೆದ ಚೀಲ. ಗುರುತು ಸಿಗುವುದಿಲ್ಲವೇ? ಸಿಟ್ಟಿನಿಂದಲ್ಲ ನಾನು ಒಳಗೆ ಓಡಿದ್ದು. ನೀನು ಕರೆದರೆ ಬಂದುಬಿಡುತ್ತೇನೆ ಎಂದು ಓಡಿದೆ. ಬಾಗಿಲ ಹಿಂದೆ ನಿಂತು ಕಾದೆ. ನೀನು ಕರೆಯಲಿಲ್ಲ. ಆಗ ರಸ್ತೆ ದಾಟಿದೆ.

ನನ್ನ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇತ್ತು. ಪರದೆ ಇಳಿದು ಕೋಣೆ ಕತ್ತಲಾದ ಕೂಡಲೇ ಶುರುವಾಯಿತು, ಬಸ್ಸಿನಲ್ಲಿ ಆದ ಹಾಗೆಯೇ. ಕೈ ಮರಗಟ್ಟಿತು, ಉಸಿರು ಗಂಟಲಲ್ಲಿ ನಿಂತಿತು. ಅಂಗಡಿಯಾಕೆ ಕಥೆ ನಿಲ್ಲಿಸಿ, "ಬಾಗಿಲು ತೆಗ್ದೇ ಇದೆ, ಹೋದ್ರೂ ಯಾರೂ ಏನೂ ಅನ್ನಲ್ಲ" ಎಂದರು. ನನ್ನ ಕೈಗೆ ಸಿಕ್ಕಿದ್ದು ಪರದೆಯ ಹಗ್ಗ. ಅಮ್ಮ, ನಾನು ಮೂರು ಸಲ ಜಗ್ಗಬೇಕೆಂದೇ ಅದನ್ನು ಹಿಡಿದದ್ದು.

ಒಂದು ಸಲ ಜಗ್ಗಿದೆ. ಆ ಸಂದಿಯಲ್ಲಿ ನೀನು ಕಂಡೆ. ಒಂದು ಕಾಲು ರಸ್ತೆಯಲ್ಲಿ, ಇನ್ನೊಂದು ಕಾಲು ಮೆಟ್ಟಿಲ ಮೇಲೆ. ಬರಲೂ ಆಗದೆ ಹೋಗಲೂ ಆಗದೆ ಥೇಟ್ ನನ್ನ ಹಾಗೇ ನಿಂತಿದ್ದೆ. ನಿನಗೂ ಅಷ್ಟೇ ಹೆದರಿಕೆಯಾಗಿತ್ತು, ಆದರೂ ನೀನು ಇಳಿಯಲಿಲ್ಲ. ಎರಡನೆಯ ಸಲ ಜಗ್ಗಲಿಲ್ಲ ನಾನು.

"ಯಾರು ಅವ್ರು?" ಎಂದು ಎಲೆಕ್ಟ್ರಿಷಿಯನ್ ಕೇಳಿದರು. "ನಮ್ಮ ಗುಂಪಿನವರೇ. ಹಗ್ಗ ಹಿಡ್ಕೊಂಡಿದಾರೆ" ಎಂದೆ. ಆಟ ಮುಂದುವರಿಯಿತು. ಪ್ರತಿ ಬಾಗಿಲಿಗೂ ಗಾಳಿ ಪರೀಕ್ಷೆ ಮಾಡಿಸುತ್ತೇನೆ ಎಂದು ಈಗ ಅಂಗಡಿಯಾಕೆಗೆ ಸಾಕುಸಾಕಾಗಿದೆ. ಆಮೇಲಿನ ಶನಿವಾರಗಳಲ್ಲೂ ಹೋದೆ. ಒಂದು ಸಲ ಅರ್ಧಕ್ಕೇ ಎದ್ದು ಬಂದೆ. ಇನ್ನೊಂದು ಸಲ ಕೊನೆಯವರೆಗೆ ಕೂತೆ.

ಬರುವ ಭಾನುವಾರ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೇನೆ. ಉಳಿಯಲು ಅಲ್ಲ, ನಿನ್ನ ಅಂಗಿ ಕೊಟ್ಟು ಹೋಗಲು. ದರ್ಜಿ ಹೊಲಿದಿಟ್ಟು, ನೀನು ಬರಲಿಲ್ಲವೆಂದು ಪಕ್ಕದ ಮನೆಯವರನ್ನೆಲ್ಲ ಕೇಳುತ್ತಿದ್ದರು. ಎದೆಯ ಹತ್ತಿರ ದೊಗಳೆಯಾಗಬಹುದಂತೆ, ಅಳತೆ ಮುಗಿಯುವವರೆಗೂ ನೀನು ಉಸಿರು ಬಿಡಲೇ ಇಲ್ಲವಂತೆ.

ದಾರಿಯಲ್ಲಿ ಉಸಿರು ಕಟ್ಟಿದರೆ ಇಳಿದು ಕೂತು ಮುಂದಿನ ಬಸ್ಸಿಗೆ ಹತ್ತುತ್ತೇನೆ. ಅದಕ್ಕೇ ಇಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಲಾರೆ. ನೀನು ಬಸ್ ನಿಲ್ದಾಣಕ್ಕೆ ಬರಬೇಡ. ಎದುರು ಬರಬೇಡ. ಮನೆಯ ಬಾಗಿಲಲ್ಲೇ ನಿಂತಿರು, ಎಷ್ಟೇ ತಡವಾದರೂ ಕದಲಬೇಡ. ಹೊರಗೆ ಬಂದವರ ಮುಖ ನೋಡಲು ಯಾರಾದರೂ ಇರಬೇಕು.

ಮಿಡತೆ